ಮನೆಯಲ್ಲೇ ಕಟ್ಟಿದ ಗಿಡದ ದೀಪ ಕೆಟ್ಟಾಗ: ಗೋಡೆಯಿಂದ ಎಲ್‌ಇಡಿಯವರೆಗೆ ದೋಷ ಹುಡುಕುವ ಕ್ರಮ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯೋ ಪಕ್ಕದ ಕಟ್ಟಡದ ನೆರಳಿನಲ್ಲೇ ಇರುವ ಯುಟಿಲಿಟಿಯೋ ಪಾಲಿಗೆ ಬಂದವರು ಮೆಣಸಿನಕಾಯಿ, ಟೊಮೆಟೊ, ತುಳಸಿ ಸಸಿಗಳನ್ನು ಬೆಳೆಸಲು ಮನೆಯೊಳಗೇ ಎಲ್‌ಇಡಿ ದೀಪ ಕಟ್ಟಿಕೊಳ್ಳುತ್ತಿದ್ದಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್‌ಇಡಿ ಪಟ್ಟಿ (ಸ್ಟ್ರಿಪ್), ಅದಕ್ಕೆ ತಕ್ಕ ಕರೆಂಟ್ ಕೊಡುವ ಡ್ರೈವರ್, ಶಾಖ ಹೀರುವ ಹೀಟ್ ಸಿಂಕ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ; ಜೋಡಿಸುವುದು ಒಂದು ಭಾನುವಾರದ ಕೆಲಸ. ಆದರೆ ದೀಪ ಕೆಟ್ಟಾಗ ಬಹಳ ಜನ ಮೊದಲು ಕೈಹಾಕುವುದು ದುಬಾರಿ ಭಾಗಕ್ಕೇ. ಡ್ರೈವರ್ ಬದಲಿಸುತ್ತಾರೆ, ಅದರಿಂದ ಸರಿಹೋಗದಿದ್ದರೆ ಎಲ್‌ಇಡಿಯನ್ನೂ ಬದಲಿಸುತ್ತಾರೆ. ಕೊನೆಗೆ ದೋಷ ಸಿಗುವುದು ಪ್ಲಗ್ಗಿನೊಳಗಿನ ಸಡಿಲ ಸ್ಕ್ರೂ ಒಂದರಲ್ಲಿ. ಆದ್ದರಿಂದ ಇಲ್ಲಿ ಹುಡುಕಾಟ ಗೋಡೆಯ ಸಾಕೆಟ್ಟಿನಿಂದ ಶುರುವಾಗಿ ದೀಪದ ಕಡೆಗೆ ಸಾಗುತ್ತದೆ, ಖರ್ಚಿಲ್ಲದ ಪರೀಕ್ಷೆ ಮೊದಲು, ಬೆಸುಗೆ ಬಿಚ್ಚುವ ಕೆಲಸ ಕೊನೆಗೆ.

ಮೊದಲು ನಿಮ್ಮ ದೀಪ ಯಾವ ಬಗೆಯದು ಎಂದು ಗುರುತಿಸಿಕೊಳ್ಳಬೇಕು, ಏಕೆಂದರೆ ಒಂದೇ ಲಕ್ಷಣಕ್ಕೆ ಮೂರು ಬಗೆಗಳಲ್ಲಿ ಮೂರು ಅರ್ಥಗಳಿವೆ. ಒಂದನೆಯದು 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪನ್ನು, 230 ವೋಲ್ಟ್ ಎಸಿಯನ್ನು 12 ವೋಲ್ಟ್ ಡಿಸಿಯಾಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಗೆ ಜೋಡಿಸಿದ ದೀಪ. ಎರಡನೆಯದು 1 ವ್ಯಾಟ್ ಅಥವಾ 3 ವ್ಯಾಟ್ ಬೀಡ್‌ಗಳನ್ನು (ಬಿಡಿ ಎಲ್‌ಇಡಿಗಳನ್ನು) ಅಲ್ಯೂಮಿನಿಯಂ ಹೀಟ್ ಸಿಂಕಿನ ಮೇಲೆ ಸಾಲಾಗಿ ಬೆಸೆದು, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡ್ರೈವರ್ ಹಾಕಿದ ದೀಪ. ಮೂರನೆಯದು ಡ್ರೈವರ್ ಚಿಪ್ಪೂ ಎಲ್‌ಇಡಿಗಳೂ ಒಂದೇ ತಟ್ಟೆಯ ಮೇಲಿದ್ದು 230 ವೋಲ್ಟನ್ನು ನೇರವಾಗಿ ತೆಗೆದುಕೊಳ್ಳುವ, ಅಂಗಡಿಯವರು ಡಿಒಬಿ ಪ್ಲೇಟ್ ಎನ್ನುವ ಬಗೆ. ಈ ಮೂರನೆಯದು ಅಗ್ಗ, ಕಟ್ಟಲು ಸುಲಭ, ಮತ್ತು ತೇವವಿರುವ ಸಸಿ ಟ್ರೇಯ ಮೇಲೆ ತೂಗುಹಾಕಲು ಮೂರರಲ್ಲಿ ಅತ್ಯಂತ ಅಪಾಯಕಾರಿ. ಅದರ ಎಲ್‌ಇಡಿಗಳಿಗೂ ಮನೆಯ ಫೇಸ್ ತಂತಿಗೂ ನಡುವೆ ಯಾವ ಟ್ರಾನ್ಸ್‌ಫಾರ್ಮರಿನ ತಡೆಯೂ ಇರುವುದಿಲ್ಲ. ಗಿಡದ ದೀಪಕ್ಕೆ ಅದನ್ನು ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈಗಾಗಲೇ ಕಟ್ಟಿದ್ದರೆ ರಿಪೇರಿ ಮಾಡುವ ಬದಲು ಬದಲಿಸುವುದೇ ಸರಿ.

ಕೈಹಾಕುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ನಿಮ್ಮ ಕಣ್ಣೆದುರು ಇಟ್ಟುಕೊಳ್ಳಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ಜೋಡಿಸಿರುವುದುಂಟು. ಅಂಥಲ್ಲಿ ದೀಪ ಆರಿದ್ದರೂ ತಂತಿಯಲ್ಲಿ ಪೂರ್ತಿ 230 ವೋಲ್ಟ್ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಐದು ನಿಮಿಷ ಕಾಯಿರಿ. ಎಸ್‌ಎಂಪಿಎಸ್ ಮತ್ತು ಡ್ರೈವರ್‌ಗಳೊಳಗಿನ ದೊಡ್ಡ ಕೆಪಾಸಿಟರ್ 230 ವೋಲ್ಟ್ ಎಸಿಯನ್ನು ಡಿಸಿಯಾಗಿಸಿದ ಸುಮಾರು 325 ವೋಲ್ಟನ್ನು ಹಿಡಿದಿಟ್ಟುಕೊಂಡಿರುತ್ತದೆ, ಮತ್ತು ಕೆಟ್ಟ ಡ್ರೈವರ್‌ನಲ್ಲಿ ಅದು ಬೇಗ ಇಳಿಯದೆಯೂ ಇರಬಹುದು. ಆ ಪೆಟ್ಟಿಗೆಗಳನ್ನು ಬಿಚ್ಚುವ ಕೆಲಸ ಈ ಬರಹದಲ್ಲಿ ಎಲ್ಲಿಯೂ ಇಲ್ಲ. ಅಳತೆಗಳೆಲ್ಲ ಪ್ಲಗ್ ಕಿತ್ತಿರುವಾಗ ಅಥವಾ 12 ವೋಲ್ಟಿನ ಕಡೆಯಲ್ಲಿ ಮಾತ್ರ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಮಲ್ಟಿಮೀಟರ್, ಇನ್ಸುಲೇಷನ್ ಹಿಡಿಯ ಸ್ಕ್ರೂ ಡ್ರೈವರ್, ಟಾರ್ಚ್. ಟೆಸ್ಟರಿನ ನಿಯಾನ್ ದೀಪವನ್ನು ಪೂರ್ತಿ ನಂಬಬಾರದು. ಅದು ಫೇಸ್ ಇದೆಯೆಂದು ಹೇಳಬಲ್ಲದೇ ಹೊರತು ನ್ಯೂಟ್ರಲ್ ತುಂಡಾಗಿದೆಯೆಂದು ಹೇಳಲಾರದು. ಅದು ಹೊತ್ತಲಿಲ್ಲವೆಂದ ಮಾತ್ರಕ್ಕೆ ತಂತಿಯನ್ನು ಮುಟ್ಟಬಹುದು ಎಂದೂ ಅಲ್ಲ. ಟ್ರೇಗೆ ನೀರು ಹಾಕಿದ ಕೈಯನ್ನು ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು, ಒಣ ನೆಲದ ಮೇಲೆ ನಿಂತು ಕೆಲಸ ಮಾಡಬೇಕು.

ಸೀದ ವಾಸನೆ, ಕಪ್ಪು ಕಲೆ, ಹೊಗೆ

ಈ ಲಕ್ಷಣ ಕಂಡಾಗ ಕಾರಣ ಹುಡುಕುತ್ತ ನಿಲ್ಲಬಾರದು. ಸುಡುತ್ತಿರುವ ಪ್ಲಗ್ಗನ್ನು ಕೈಯಿಂದ ಕೀಳಲು ಹೋಗದೆ ಮೊದಲು ಆ ಭಾಗದ ಎಂಸಿಬಿಯನ್ನು (ಅತಿಹೊರೆಯಾದರೆ ತಾನೇ ಬೀಳುವ ಸ್ವಿಚ್ಚನ್ನು), ಯಾವುದೆಂದು ತಿಳಿಯದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ. ನೀರು ಎರಚಬಾರದು. ಬೆಂಕಿ ಹತ್ತಿಕೊಂಡಿದ್ದರೆ ಅಪಾರ್ಟ್‌ಮೆಂಟಿನ ಪಡಸಾಲೆಯಲ್ಲಿ ತೂಗುಹಾಕಿರುವ ಒಣ ಪುಡಿಯ ಅಥವಾ ಇಂಗಾಲದ ಡೈಆಕ್ಸೈಡಿನ ನಂದಿಸುವ ಸಿಲಿಂಡರ್ ಬಳಸಬಹುದು. ಕೈಮೀರುವಂತಿದ್ದರೆ ಎಲ್ಲರನ್ನೂ ಹೊರಗೆ ಕಳುಹಿಸಿ 101ಕ್ಕೆ ಕರೆ ಮಾಡಬೇಕು. ಯಾರಿಗಾದರೂ ಕರೆಂಟ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಬರಿಗೈಯಿಂದ ಮುಟ್ಟದೆ ಮೇನ್ ಇಳಿಸಿದ ಮೇಲೆಯೇ ಹತ್ತಿರ ಹೋಗಿ, 108ಕ್ಕೆ ಕರೆ ಮಾಡಿ. ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದ್ದರೆ ಅದು ಮನೆಯ ವೈರಿಂಗಿಗೆ ಸೇರಿದ ದೋಷ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ನೋಡುವವರೆಗೆ ಆ ಸಾಕೆಟ್ಟನ್ನು ಯಾವುದಕ್ಕೂ ಬಳಸಬೇಡಿ.

ದೀಪ ಹೊತ್ತುತ್ತಲೇ ಇಲ್ಲ

ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡುವುದು ಮೊದಲ ಪರೀಕ್ಷೆ. ಚಾರ್ಜ್ ಆಗದಿದ್ದರೆ ದೀಪಕ್ಕೂ ದೋಷಕ್ಕೂ ಸಂಬಂಧವಿಲ್ಲ. ಚಾರ್ಜ್ ಆದರೆ ನಡುವೆ ಇರುವ ಟೈಮರನ್ನು ತೆಗೆದು ದೀಪವನ್ನು ನೇರವಾಗಿ ಸಾಕೆಟ್ಟಿಗೇ ಸಿಕ್ಕಿಸಿ; ಟೈಮರಿನ ಬದಿಯ ಗುಂಡಿ ಆಫ್ ಕಡೆಗೆ ಸರಿದಿರುವುದರಿಂದಲೇ ಕೆಟ್ಟಿದೆ ಎಂದುಕೊಂಡ ದೀಪಗಳು ಕಡಿಮೆಯಿಲ್ಲ. ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸಿನ ಫ್ಯೂಸ್ ನೋಡಿ. ಆಮೇಲೆ ಪ್ಲಗ್ಗನ್ನು ಕಿತ್ತು, ಅದರ ಮುಚ್ಚಳ ಬಿಚ್ಚಿ, ಮೂರು ತಂತಿಗಳೂ ಸ್ಕ್ರೂಗಳ ಅಡಿಯಲ್ಲಿ ಗಟ್ಟಿಯಾಗಿ ಕುಳಿತಿವೆಯೇ ಎಂದು ಪರೀಕ್ಷಿಸಿ.

ಇಷ್ಟರಲ್ಲಿ ದೋಷ ಸಿಗದಿದ್ದರೆ ಎಸ್‌ಎಂಪಿಎಸ್ ಕಡೆಗೆ ಬನ್ನಿ. ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಸ್ಕ್ರೂಗಳ ಪಕ್ಕದಲ್ಲಿ ಒಂದು ಪುಟ್ಟ ಹಸಿರು ದೀಪವಿರುತ್ತದೆ, ಮತ್ತು ದೋಷದ ಅರ್ಧ ಕಥೆಯನ್ನು ಅದೇ ಹೇಳುತ್ತದೆ. ಹಸಿರು ದೀಪ ಹೊತ್ತಿದ್ದು ಸ್ಟ್ರಿಪ್ ಹೊತ್ತದಿದ್ದರೆ ಮನೆಯ ಕರೆಂಟ್ ಒಳಗೆ ಬಂದಿದೆ, ದೋಷ ಅಲ್ಲಿಂದ ಮುಂದಿದೆ. ಹಸಿರು ದೀಪವೂ ಆರಿದ್ದರೆ ಎರಡು ಸಾಧ್ಯತೆಗಳಿವೆ: ಒಳಗೆ ಕರೆಂಟೇ ಬರುತ್ತಿಲ್ಲ, ಅಥವಾ ಸ್ಟ್ರಿಪ್ಪಿನ ಕಡೆ ಎಲ್ಲೋ ಶಾರ್ಟ್ ಆಗಿರುವುದರಿಂದ ಅದು ತನ್ನನ್ನು ತಾನೇ ನಿಲ್ಲಿಸಿಕೊಂಡಿದೆ. ಇವೆರಡನ್ನು ಬೇರ್ಪಡಿಸಲು ಪ್ಲಗ್ ಕಿತ್ತು, 12 ವೋಲ್ಟ್ ಹೊರಬರುವ ಪ್ಲಸ್, ಮೈನಸ್ ಸ್ಕ್ರೂಗಳಿಂದ ಸ್ಟ್ರಿಪ್ಪಿನ ತಂತಿಗಳನ್ನು ಬಿಡಿಸಿ, ಮತ್ತೆ ಪ್ಲಗ್ ಹಾಕಿ. ಈಗ ಹಸಿರು ದೀಪ ಹೊತ್ತಿದರೆ ಶಾರ್ಟ್ ಇರುವುದು ಸ್ಟ್ರಿಪ್ಪಿನಲ್ಲೇ. ಕತ್ತರಿಸಿದ ತುದಿಯಲ್ಲಿ ಬೆಸುಗೆಯ ಹನಿಯೊಂದು ಎರಡು ತಾಮ್ರದ ಪಟ್ಟಿಗಳಿಗೂ ತಾಗಿದೆಯೇ, ತಂತಿಯ ಬಿಡಿ ಎಳೆಯೊಂದು ಪಕ್ಕದ ಸ್ಕ್ರೂಗೆ ಚಾಚಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬಿಡಿಸಿದ ಮೇಲೂ ಹೊತ್ತದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ. ಹೊಸದಾಗಿ ಕಟ್ಟಿದ ದೀಪವಾದರೆ, ಕೆಲವು ಮಾದರಿಗಳ ಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಇರುತ್ತದೆಂಬುದು ನೆನಪಿರಲಿ. ಅದು 115ರ ಕಡೆಗಿದ್ದು ನಮ್ಮ 230 ವೋಲ್ಟ್ ಕೊಟ್ಟರೆ ಎಸ್‌ಎಂಪಿಎಸ್ ಕೂಡಲೇ ಸಿಡಿಯಬಹುದು. ಆದ್ದರಿಂದ ಮೊದಲ ಬಾರಿ ಪ್ಲಗ್ ಹಾಕುವ ಮುನ್ನವೇ ಅದನ್ನು ನೋಡಬೇಕು.

ಹಸಿರು ದೀಪ ಹೊತ್ತಿದ್ದರೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗಿಟ್ಟು ಸ್ಟ್ರಿಪ್ ಆರಂಭವಾಗುವ ಜಾಗದಲ್ಲಿ ಅಳೆಯಿರಿ. ಅಲ್ಲಿ 12 ವೋಲ್ಟಿನ ಆಸುಪಾಸು ಇದ್ದೂ ಬೆಳಕಿಲ್ಲದಿದ್ದರೆ ಪ್ಲಸ್, ಮೈನಸ್ ತಿರುಗುಮುರುಗಾಗಿರಬಹುದು. ಸ್ಟ್ರಿಪ್ಪಿನಲ್ಲಿ 12 ವಿ ಎಂದು ಅಚ್ಚಾದ ಕಡೆ ಪ್ಲಸ್. ತಂತಿಗಳನ್ನು ಅದಲು ಬದಲು ಮಾಡಿದರೆ ಹೊತ್ತುತ್ತದೆ, ಸಾಮಾನ್ಯವಾಗಿ ಯಾವ ಹಾನಿಯೂ ಆಗಿರುವುದಿಲ್ಲ.

ಬೀಡ್‌ಗಳ ದೀಪದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಹತ್ತು ಬೀಡ್‌ಗಳು ಹೂಮಾಲೆಯಂತೆ ಒಂದರ ಹಿಂದೊಂದು ಇರುವುದರಿಂದ ಒಂದು ತುಂಡಾದರೆ ಹತ್ತೂ ಆರುತ್ತವೆ. ಪ್ಲಗ್ ಕಿತ್ತು ಕಾದ ಮೇಲೆ ಮಲ್ಟಿಮೀಟರನ್ನು ಡಯೋಡ್ ಗುರುತಿಗಿಟ್ಟು, ಕೆಂಪು ಕಡ್ಡಿಯನ್ನು ಬೀಡಿನ ಪ್ಲಸ್‌ಗೂ ಕಪ್ಪು ಕಡ್ಡಿಯನ್ನು ಮೈನಸ್‌ಗೂ ತಾಗಿಸಿದರೆ ಚೆನ್ನಾಗಿರುವ ಬೀಡ್ ಮಂಕಾಗಿ ಮಿನುಗುತ್ತದೆ. ಅಗ್ಗದ ಮೀಟರುಗಳ ಶಕ್ತಿ ಬಿಳಿ, ನೀಲಿ ಬೀಡ್‌ಗಳಿಗೆ ಸಾಲದು. ಆಗ ಎರಡು ಹೊಸ ಪೆನ್‌ಟಾರ್ಚ್ ಸೆಲ್ಲುಗಳನ್ನು ಸಾಲಾಗಿಟ್ಟು, 100 ಓಮ್ ರೆಸಿಸ್ಟರ್ ಮೂಲಕ ತಾಗಿಸಿ ನೋಡಬಹುದು. ಹತ್ತರಲ್ಲಿ ಮಿನುಗದೆ ಉಳಿದದ್ದೇ ಕೆಟ್ಟ ಬೀಡ್. ಎಲ್ಲವೂ ಮಿನುಗಿದರೆ ಅವುಗಳ ನಡುವಿನ ಬೆಸುಗೆಗಳನ್ನು ನೋಡಿ. ಹೊಳಪಿಲ್ಲದೆ ಬೂದುಬಣ್ಣಕ್ಕೆ ತಿರುಗಿ, ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವ ಬೆಸುಗೆ ಅನುಮಾನಕ್ಕೆ ಮೊದಲ ಪಾತ್ರ. ಬೀಡ್ ಬದಲಿಸಿದ ಮೇಲೆ ಡ್ರೈವರ್‌ಗೆ ಕರೆಂಟ್ ಕೊಟ್ಟು ಆಮೇಲೆ ಬೀಡ್‌ಗಳ ತಂತಿ ತಾಗಿಸುವ ತಪ್ಪು ಮಾಡಬಾರದು. ಹೊರೆಯಿಲ್ಲದ ಡ್ರೈವರ್ ತನ್ನ ವೋಲ್ಟೇಜನ್ನು ಗರಿಷ್ಠಕ್ಕೇರಿಸಿಕೊಂಡು ಕಾದಿರುತ್ತದೆ, ತಂತಿ ತಾಗಿದ ಕ್ಷಣ ಆ ಕರೆಂಟ್ ಹೊಸ ಬೀಡ್‌ಗಳನ್ನೇ ಸುಡಬಹುದು. ಮೊದಲು ಬೀಡ್, ಕೊನೆಗೆ ಪ್ಲಗ್.

ದೀಪ ಮಿಣುಕುತ್ತದೆ

ಮಿಣುಕುವುದರಲ್ಲಿ ಹಲವು ಬಗೆಗಳಿವೆ. ಯಾವ ಬಗೆಯೆಂದು ಎರಡು ನಿಮಿಷ ಸುಮ್ಮನೆ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮನೆಯ ಉಳಿದ ದೀಪಗಳೂ ಜೊತೆಗೇ ಮಿಣುಕುತ್ತಿವೆಯೇ ಎಂಬುದು ಮೊದಲ ಪ್ರಶ್ನೆ. ಒಂದು ಕೋಣೆಯ ದೀಪಗಳು ಎಂದಿಗಿಂತ ಪ್ರಖರವಾಗಿ, ಇನ್ನೊಂದು ಕೋಣೆಯವು ಮಂಕಾಗಿ ಉರಿಯುತ್ತಿದ್ದರೆ ಕಟ್ಟಡದ ನ್ಯೂಟ್ರಲ್ ಸಡಿಲವಾಗಿರುವ ಸಂಭವ ಹೆಚ್ಚು. ಇದು ಇಡೀ ಮನೆಯ ಉಪಕರಣಗಳನ್ನು ಸುಡಬಲ್ಲ ದೋಷ. ಕೂಡಲೇ ಮೇನ್ ಇಳಿಸಿ, ಕಟ್ಟಡದ ಎಲೆಕ್ಟ್ರಿಷಿಯನ್‌ಗೂ ಬೆಸ್ಕಾಂ ಸಹಾಯವಾಣಿ 1912ಕ್ಕೂ ತಿಳಿಸಬೇಕು.

ಗಿಡದ ದೀಪ ಮಾತ್ರ, ಅದೂ ಗಡಿಯಾರದ ಮುಳ್ಳಿನಂತೆ ಸಮನಾದ ಅಂತರದಲ್ಲಿ ಹೊತ್ತಿ ಆರುತ್ತಿದ್ದರೆ ಅದು ಹೊರೆ ತಾಳದ ಡ್ರೈವರ್ ತನ್ನನ್ನು ನಿಲ್ಲಿಸಿಕೊಂಡು ಮತ್ತೆ ಪ್ರಯತ್ನಿಸುತ್ತಿರುವ ಲಕ್ಷಣ. ಮೀಟರಿಗೆ 60 ಎಲ್‌ಇಡಿಗಳಿರುವ, 5050 ಎಂಬ ಮಾದರಿಯ ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ತೆಗೆದುಕೊಳ್ಳುತ್ತದೆ. ಐದು ಮೀಟರಿನ ಪೂರ್ತಿ ಸುರುಳಿಗೆ 72 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. 5 ಆಂಪಿಯರ್ ಎಂದು ಬರೆದ ಎಸ್‌ಎಂಪಿಎಸ್ 60 ವ್ಯಾಟಿನದು, ಇದನ್ನು ಹೊರಲಾರದು. ಸ್ಟ್ರಿಪ್ಪಿನ ಅರ್ಧವನ್ನು ಬಿಡಿಸಿ ನೋಡಿ: ಮಿಣುಕು ನಿಂತರೆ ನಿದಾನ ಸರಿ. ದಿನಕ್ಕೆ 14 ಗಂಟೆ ಉರಿಯುವ ದೀಪಕ್ಕೆ ಶೇಕಡ 20ರಷ್ಟಾದರೂ ಉಳಿಕೆ ಇರಬೇಕು, ಆದ್ದರಿಂದ 72 ವ್ಯಾಟಿಗೆ 90 ವ್ಯಾಟಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಬೀಡ್‌ಗಳ ದೀಪದಲ್ಲಿ ಇದೇ ಲಕ್ಷಣ ವೋಲ್ಟೇಜ್ ಹೊಂದದಿರುವುದನ್ನು ಸೂಚಿಸುತ್ತದೆ. ಬಿಳಿ ಮತ್ತು ನೀಲಿ ಬೀಡ್ ತಲಾ 3 ವೋಲ್ಟಿಗೆ ಸ್ವಲ್ಪ ಹೆಚ್ಚು, ಕೆಂಪು ಬೀಡ್ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತವೆ. ಹತ್ತು ಬಿಳಿ ಬೀಡಿಗೆಂದು ಕೊಂಡ ಡ್ರೈವರ್‌ಗೆ ಹೆಚ್ಚಿನ ಪಾಲು ಕೆಂಪು ಬೀಡ್ ಜೋಡಿಸಿದರೆ ಒಟ್ಟು ವೋಲ್ಟೇಜು ಡ್ರೈವರ್ ಮೇಲೆ ಬರೆದಿರುವ ಕನಿಷ್ಠಕ್ಕಿಂತ ಕೆಳಗಿಳಿಯುತ್ತದೆ. ಕೂಡಿಸಿ ನೋಡಿ, ಡ್ರೈವರ್ ಮೇಲಿನ ಎರಡು ಅಂಕಿಗಳ ನಡುವೆ ಅದು ಬರಬೇಕು.

ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ಮಿಣುಕುವುದು ಸಡಿಲ ಜೋಡಣೆಯ ಗುರುತು. ನನ್ನ ಮನೆಯಲ್ಲಿ ಒಂದು ಮಳೆಗಾಲ ಮೆಣಸಿನ ಸಸಿಗಳ ಮೇಲಿದ್ದ ದೀಪ ಸಂಜೆ ಏಳರ ಹೊತ್ತಿಗೆ ಮಾತ್ರ ಮಿಣುಕುತ್ತಿತ್ತು. ಸಂಜೆಯ ವೋಲ್ಟೇಜ್ ಏರಿಳಿತವೆಂದು ನಂಬಿ ಹೊಸ ಎಸ್‌ಎಂಪಿಎಸ್ ತಂದು ಹಾಕಿದೆ. ಮಿಣುಕು ಹಾಗೆಯೇ ಉಳಿಯಿತು. ಮೂರನೆಯ ದಿನ ಅಡುಗೆಮನೆಯಲ್ಲಿ ಮಿಕ್ಸಿ ನಿಂತ ಕ್ಷಣವೇ ದೀಪವೂ ಸ್ಥಿರವಾದದ್ದು ಕಣ್ಣಿಗೆ ಬಿತ್ತು. ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದವು. ಆ ಬಾಕ್ಸಿನ ಪ್ಲಗ್ ಬಿಚ್ಚಿದಾಗ ನ್ಯೂಟ್ರಲ್ ಸ್ಕ್ರೂವಿನ ಅಡಿಯಲ್ಲಿ ತಂತಿಯ ನಾಲ್ಕೈದು ಎಳೆಗಳು ಮಾತ್ರ ಹಿಡಿದಿದ್ದವು. ಉಳಿದ ಎಳೆಗಳು ಕಪ್ಪಾಗಿ ಪಕ್ಕಕ್ಕೆ ಬಾಗಿದ್ದವು. ಹಿತ್ತಾಳೆಯ ಪಿನ್ನಿನ ಬುಡ ಕಂದುಗಟ್ಟಿತ್ತು, ಕಪ್ಪು ತಂತಿಯ ಹೊದಿಕೆ ಒಂದು ಸೆಂಟಿಮೀಟರಿನಷ್ಟು ಗಟ್ಟಿಯಾಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. 750 ವ್ಯಾಟಿನ ಮಿಕ್ಸಿ ಮೂರು ಆಂಪಿಯರಿಗೂ ಹೆಚ್ಚು ಎಳೆದಾಗ ಆ ನಾಲ್ಕೈದು ಎಳೆಗಳ ಮೇಲೆ ವೋಲ್ಟೇಜ್ ಕುಸಿಯುತ್ತಿತ್ತು, ದೀಪ ಅದನ್ನು ತೋರಿಸುತ್ತಿತ್ತು ಅಷ್ಟೇ. ಸುಟ್ಟ ತುದಿ ಕತ್ತರಿಸಿ, ಹೊಸ ಪ್ಲಗ್ ಹಾಕಿ, ಎಳೆಗಳನ್ನು ಹುರಿಮಾಡಿ ಸ್ಕ್ರೂ ಬಿಗಿದ ಮೇಲೆ ಮಿಣುಕು ನಿಂತಿತು. ಅಂದಿನಿಂದ ಗಿಡದ ದೀಪಕ್ಕೆ ಪ್ರತ್ಯೇಕ ಸಾಕೆಟ್ ಕೊಟ್ಟಿದ್ದೇನೆ, ಮತ್ತು ಮಿಣುಕುವ ದೀಪದ ಬಗ್ಗೆ ಯಾರು ಕೇಳಿದರೂ ಆ ಹೊತ್ತಿಗೆ ಮನೆಯಲ್ಲಿ ಬೇರೇನು ಓಡುತ್ತಿತ್ತು ಎಂದು ಮೊದಲು ವಿಚಾರಿಸುತ್ತೇನೆ.

ಇಂಥ ಸಡಿಲ ಜಾಗ 12 ವೋಲ್ಟಿನ ಕಡೆಯೂ ಇರಬಹುದು. ಬೆಸುಗೆಯಿಲ್ಲದೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರುಗಳು ಸಸಿ ಟ್ರೇಯ ತೇವದಲ್ಲಿ ಕೆಲವೇ ತಿಂಗಳಿಗೆ ಹಸಿರು ಕಿಲುಬು ಹಿಡಿಯುತ್ತವೆ. ಒಣ ಮರದ ಕಡ್ಡಿಯಿಂದ ಅವನ್ನು ಮೆಲ್ಲನೆ ಒತ್ತಿದಾಗ ಬೆಳಕು ಬದಲಾದರೆ ಕನೆಕ್ಟರ್ ತೆಗೆದು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹೊದಿಸಿ.

ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ದೀಪ ಗುಂಯ್‌ಗುಟ್ಟುತ್ತ ಮಿಣುಕಿದರೆ ಅದು ಚೌಕಾಕಾರದ ಅಲೆ ಕೊಡುವ ಇನ್ವರ್ಟರಿನ ಪರಿಣಾಮ. ಆ ಹೊತ್ತು ದೀಪ ಆರಿಸಿಡುವುದು ಲೇಸು, ಸಸಿಗೆ ಒಂದೆರಡು ಗಂಟೆಯಿಂದ ನಷ್ಟವಿಲ್ಲ. ಕಣ್ಣಿಗೆ ಕಾಣದೆ ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಪಟ್ಟೆಗಳು ಓಡಿದರೆ ಅದು 50 ಹರ್ಟ್ಸ್ ಕರೆಂಟಿನಿಂದ ಸೆಕೆಂಡಿಗೆ 100 ಬಾರಿ ಆಗುವ ಏರಿಳಿತ. ಹೊಸ ಡ್ರೈವರ್ ಮೊದಲಿನಿಂದಲೂ ಹೀಗಿದ್ದರೆ ಅದು ಅಗ್ಗದ್ದು ಎಂದಷ್ಟೇ ಅರ್ಥ. ಎರಡು ಮೂರು ವರ್ಷ ಚೆನ್ನಾಗಿದ್ದು ಈಗ ಶುರುವಾಗಿದ್ದರೆ ಒಳಗಿನ ಕೆಪಾಸಿಟರ್ ಒಣಗುತ್ತಿದೆ, ಡ್ರೈವರ್ ಬದಲಿಸುವ ಕಾಲ ಬಂದಿದೆ.

ಒಂದು ತುಂಡು ಮಾತ್ರ ಆರಿದೆ, ಅಥವಾ ಕೊನೆಯ ಭಾಗ ಮಂಕಾಗಿದೆ

12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿಗಳ ಗುಂಪುಗಳಿರುತ್ತವೆ. ಮೀಟರಿಗೆ 60ರ ಸ್ಟ್ರಿಪ್ಪಿನಲ್ಲಿ ಸರಿಯಾಗಿ 5 ಸೆಂಟಿಮೀಟರಿನಷ್ಟು ಜಾಗ ಆರಿದ್ದರೆ ಆ ಗುಂಪಿನ ಒಂದು ಎಲ್‌ಇಡಿಯೋ ರೆಸಿಸ್ಟರೋ ಹೋಗಿದೆ; ಅದನ್ನು ಹಾಗೆಯೇ ಬಿಟ್ಟರೂ ನಡೆಯುತ್ತದೆ, ಕತ್ತರಿ ಗುರುತಿನಲ್ಲಿ ಕತ್ತರಿಸಿ ಹೊಸ ತುಂಡು ಬೆಸೆದರೂ ಆಗುತ್ತದೆ. ಒಂದು ಜಾಗದಿಂದ ಕೊನೆಯವರೆಗೂ ಪೂರ್ತಿ ಆರಿದ್ದರೆ ಆ ಜಾಗದಲ್ಲೇ ತಾಮ್ರದ ಪಟ್ಟಿ ಮುರಿದಿದೆ, ಹೆಚ್ಚಾಗಿ ಸ್ಟ್ರಿಪ್ಪನ್ನು ಮೂಲೆಯಲ್ಲಿ ಮಡಚಿದ ಕಡೆ.

ಯಾವುದೂ ಆರದೆ ಕೊನೆಯ ಭಾಗ ಮಂಕಾಗಿದ್ದರೆ ಅದು ಕೆಟ್ಟದ್ದಲ್ಲ, ಕಟ್ಟುವಾಗಿನ ತಪ್ಪು. ಸ್ಟ್ರಿಪ್ಪಿನ ಎರಡೂ ತುದಿಗಳಲ್ಲಿ ವೋಲ್ಟೇಜ್ ಅಳೆದರೆ ಮೊದಲಲ್ಲಿ 12, ಕೊನೆಯಲ್ಲಿ ಅದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಕಾಣುತ್ತದೆ. ಎಸ್‌ಎಂಪಿಎಸ್‌ನಿಂದ ಬರುವ ತಂತಿಯೂ ಇದಕ್ಕೆ ಕಾರಣವಾಗಬಹುದು: 0.5 ಚದರ ಮಿಲಿಮೀಟರಿನ ತಂತಿಯನ್ನು ಎರಡು ಮೀಟರ್ ಎಳೆದು 6 ಆಂಪಿಯರ್ ಹರಿಸಿದರೆ ಹೋಗಿಬರುವ ನಾಲ್ಕು ಮೀಟರಿನಲ್ಲೇ ಸುಮಾರು 0.85 ವೋಲ್ಟ್ ಸೋರಿಹೋಗುತ್ತದೆ. 1.5 ಚದರ ಮಿಲಿಮೀಟರಿನ ತಂತಿಯಾದರೆ ಸೋರಿಕೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಸ್ಟ್ರಿಪ್ಪನ್ನು ಐದು ಮೀಟರ್ ಉದ್ದಕ್ಕೆ ಒಂದೇ ಆಗಿ ಬಿಡದೆ, ಶೆಲ್ಫಿನ ಅಗಲಕ್ಕೆ ತುಂಡು ಮಾಡಿ, ಪ್ರತಿ ತುಂಡಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ತಂತಿ ಕೊಡುವುದು ಶಾಶ್ವತ ಪರಿಹಾರ.

ಅರ್ಧ ಗಂಟೆ ಉರಿದು ತಾನೇ ಆರುತ್ತದೆ

ತಣ್ಣಗಿದ್ದಾಗ ಹೊತ್ತಿ, ಬಿಸಿಯಾದಾಗ ಆರಿ, ತಣಿದ ಮೇಲೆ ಮತ್ತೆ ಹೊತ್ತುವ ದೀಪಕ್ಕೆ ಶಾಖವೇ ಶತ್ರು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ ಇರುವಾಗ ಮುಚ್ಚಿದ ಕಪಾಟಿನೊಳಗಿನ ದೀಪ ಡಿಸೆಂಬರಿನಲ್ಲಿ ನಡೆದಂತೆ ನಡೆಯಲಾರದು. ಖರ್ಚಿಲ್ಲದ ಪರೀಕ್ಷೆಯೆಂದರೆ ಕಪಾಟಿನ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಟ್ಟು ನೋಡುವುದು; ಆರುವುದು ನಿಂತರೆ ಕಾರಣ ಗೊತ್ತಾಯಿತು. ದೀಪ ಒಂದು ಗಂಟೆ ಉರಿದ ಮೇಲೆ ಪ್ಲಗ್ ಕಿತ್ತು ಕೂಡಲೇ ಹೀಟ್ ಸಿಂಕಿನ ಹಿಂಬದಿಯನ್ನು ಮುಟ್ಟಿ. ಐದು ಸೆಕೆಂಡು ಬೆರಳಿಡಲು ಆಗದಿದ್ದರೆ ಅದು 55-60 ಡಿಗ್ರಿಯ ಆಸುಪಾಸಿನಲ್ಲಿದೆ ಅಥವಾ ಅದನ್ನೂ ಮೀರಿದೆ, ಎಲ್‌ಇಡಿಯ ಒಳಭಾಗ ಅದಕ್ಕಿಂತ ಇನ್ನೂ ಬಿಸಿ.

ಹೀಟ್ ಸಿಂಕ್ ತಣ್ಣಗಿದ್ದೂ ಬೀಡ್‌ಗಳು ಸುಡುತ್ತಿದ್ದರೆ ಇನ್ನೂ ಕೆಟ್ಟದ್ದು: ಶಾಖ ಬೀಡಿನಿಂದ ಲೋಹಕ್ಕೆ ದಾಟುತ್ತಲೇ ಇಲ್ಲ. ಬೀಡಿನ ಅಡಿ ಥರ್ಮಲ್ ಪೇಸ್ಟ್ ಒಣಗಿದೆಯೇ, ಅಥವಾ ಅದರ ಬದಲು ಯಾರಾದರೂ ಸಾಮಾನ್ಯ ಅಂಟು ಹಾಕಿದ್ದಾರೆಯೇ ನೋಡಿ. ಡ್ರೈವರನ್ನು ಹೀಟ್ ಸಿಂಕಿನ ಮೇಲೆಯೇ ಅಂಟಿಸುವುದು ಬಹಳ ಕಡೆ ಕಾಣುವ ಇನ್ನೊಂದು ತಪ್ಪು. ಒಳಗಿನ ಕೆಪಾಸಿಟರ್ 10 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಡ್ರೈವರನ್ನು ಶೆಲ್ಫಿನ ಹೊರಗೆ, ಗಾಳಿಯಾಡುವಲ್ಲಿ, ನೀರು ತಾಗದ ಎತ್ತರದಲ್ಲಿ ಇಡಬೇಕು.

ಮುಟ್ಟಿದರೆ ಜುಮ್ಮೆನ್ನುತ್ತದೆ

ಮತ್ತೊಮ್ಮೆ ಮುಟ್ಟಿ ಖಚಿತಪಡಿಸಿಕೊಳ್ಳುವ ಯತ್ನ ಬೇಡ. ಒಣ ಕೈಯಿಂದ ಸ್ವಿಚ್ ಆರಿಸಿ ಪ್ಲಗ್ ಕಿತ್ತುಹಾಕಿ. ಲೋಹದ ಪೆಟ್ಟಿಗೆಯ ಎಸ್‌ಎಂಪಿಎಸ್‌ಗೆ ಅರ್ಥಿಂಗ್ ಕೊಡದಿದ್ದರೆ, ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಪೆಟ್ಟಿಗೆಯ ಮೇಲೆ ವೋಲ್ಟೇಜ್ ಏರಿ ಬೆರಳು ಜುಮ್ಮೆನ್ನುತ್ತದೆ. ಎರಡು ಪಿನ್ನಿನ ಪ್ಲಗ್ಗು, ಮೂರನೆಯ ಪಿನ್ ಮುರಿದ ಪ್ಲಗ್ಗು, ಹಸಿರು ತಂತಿಯನ್ನು ಜೋಡಿಸದೆ ಮಡಚಿಟ್ಟ ಕೇಬಲ್ಲು, ಇವು ಮೂರೂ ಸಾಮಾನ್ಯ ಕಾರಣಗಳು. ಪ್ಲಗ್ ಕಿತ್ತಿರುವಾಗ ಮಲ್ಟಿಮೀಟರನ್ನು ಬೀಪ್ ಗುರುತಿಗಿಟ್ಟು ಪ್ಲಗ್ಗಿನ ದೊಡ್ಡ ಪಿನ್ನಿಗೂ ಪೆಟ್ಟಿಗೆಯ ಲೋಹಕ್ಕೂ ತಾಗಿಸಿ, ಬೀಪ್ ಬರಬೇಕು. ಹೀಟ್ ಸಿಂಕಿಗೂ, ಲೋಹದ ಶೆಲ್ಫಿಗೂ ಹಾಗೆಯೇ ಅರ್ಥಿಂಗ್ ತಂತಿ ಕೊಟ್ಟಿರಬೇಕು.

ಬೀಡ್‌ಗಳ ದೀಪವಾದರೆ ಡ್ರೈವರ್‌ನಲ್ಲಿ ಒಳ-ಹೊರಗಿನ ನಡುವೆ ತಡೆ ಇದೆಯೇ ನೋಡಿ. ಪ್ಲಗ್ ಕಿತ್ತು ಕಾದ ಮೇಲೆ ಒಳಬರುವ ತಂತಿಗಳಿಗೂ ಹೊರಹೋಗುವ ತಂತಿಗಳಿಗೂ ನಡುವಿನ ಓಮ್ ಅಳೆಯಿರಿ, ಕಡ್ಡಿಗಳನ್ನು ತಿರುಗಿಸಿಯೂ ಅಳೆಯಿರಿ. ಯಾವ ದಿಕ್ಕಿನಲ್ಲಾದರೂ ಅಂಕಿ ಬಂದರೆ ತಡೆ ಇಲ್ಲವೆಂದೇ ತಿಳಿದು ಆ ಡ್ರೈವರನ್ನು ತೆಗೆದುಹಾಕಿ. ದೀಪದಲ್ಲಿ ಎಲ್ಲ ಸರಿಯಿದ್ದೂ ಜುಮ್ಮೆನ್ನುವುದು ನಿಲ್ಲದಿದ್ದರೆ ಗೋಡೆಯ ಸಾಕೆಟ್ಟಿನ ಅರ್ಥಿಂಗೇ ಇಲ್ಲದಿರಬಹುದು. ಅದನ್ನು ಅಳೆಯುವುದು ಎಲೆಕ್ಟ್ರಿಷಿಯನ್ ಕೆಲಸ, ಅವರು ಬರುವವರೆಗೆ ದೀಪ ಹಾಕಬೇಡಿ.

ದೀಪ ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ

ಎಂಸಿಬಿ ಬಿದ್ದರೆ ಶಾರ್ಟ್ ಅಥವಾ ಅತಿಹೊರೆ. ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬಿದ್ದರೆ ಕರೆಂಟ್ ನೆಲಕ್ಕೆ ಸೋರುತ್ತಿದೆ. ಮನುಷ್ಯರ ರಕ್ಷಣೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಯೊಳಗೇ ಬೀಳುವಂಥದ್ದು. ಅದು ಪದೇಪದೇ ಬೀಳುತ್ತದೆಂದು ಅದನ್ನೇ ತಪ್ಪಿಸಿ ತಂತಿ ಹಾಕಿಸುವವರಿದ್ದಾರೆ. ಗಿಡಕ್ಕೆ ನೀರು ಹಾಕುವ ಜಾಗದಲ್ಲಿ ಇದು ಜೀವದೊಂದಿಗೆ ಆಡಿದಂತೆ.

ನಮ್ಮ ಊರಿನಲ್ಲಿ ಇದರ ಹಿಂದೆ ಬಹಳ ಸಲ ಬೋರ್‌ವೆಲ್ ನೀರಿರುತ್ತದೆ. ಗಡಸು ನೀರನ್ನು ಸಸಿಗಳಿಗೆ ಸಿಂಪಡಿಸುವಾಗ ಎರಚಿದ ಹನಿಗಳು ಡ್ರೈವರ್ ಮತ್ತು ಜೋಡಣೆಗಳ ಮೇಲೆ ಬಿದ್ದು ಒಣಗಿ ಬಿಳಿ ಪೊರೆ ಉಳಿಸುತ್ತವೆ. ಒಣಗಿದ್ದಾಗ ಅದು ಸುಮ್ಮನಿರುತ್ತದೆ. ಮಳೆಗಾಲದ ತೇವ ಹೀರಿದ ಕೂಡಲೇ ಆ ಉಪ್ಪು ಕರೆಂಟಿಗೆ ದಾರಿಯಾಗುತ್ತದೆ. ಆದ್ದರಿಂದಲೇ ಬೆಳಗ್ಗೆ ಬೀಳುವ ಆರ್‌ಸಿಸಿಬಿ ಮಧ್ಯಾಹ್ನ ಬೀಳದೆ ಇರುವುದು. ಪ್ಲಗ್ ಕಿತ್ತು, ಒಣ ಬ್ರಷ್ಷಿನಿಂದ ಪೊರೆ ತೆಗೆದು, ಒಂದು ಪೂರ್ತಿ ದಿನ ಒಣಗಲು ಬಿಡಿ. ಮತ್ತೆ ಒಮ್ಮೆ ಮಾತ್ರ ಹಾಕಿ ನೋಡಿ, ಬಿದ್ದರೆ ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಮುಂದೆ ಹೀಗಾಗದಿರಲು ಕೇಬಲ್ಲು ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಜೋಲು ಬಿಡಬೇಕು. ತಂತಿಯ ಮೇಲೆ ಹರಿದ ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಗೆ ಹೋಗುವುದಿಲ್ಲ.

ಆರಿಸಿದ ಮೇಲೂ ಮಸುಕಾಗಿ ಉರಿಯುತ್ತದೆ

ಸ್ವಿಚ್ಚು ನ್ಯೂಟ್ರಲ್ ಕಡಿಯುತ್ತಿದೆ, ಅಥವಾ ಸ್ವಿಚ್ಚಿನೊಳಗಿನ ಸೂಚಕ ದೀಪದ ಮೂಲಕ ಅಲ್ಪ ಕರೆಂಟ್ ಹರಿಯುತ್ತಿದೆ. ಎರಡನೆಯದು ನಿರಪಾಯ. ಪ್ಲಗ್ಗನ್ನು ಸೂಚಕವಿಲ್ಲದ ಬೇರೆ ಸಾಕೆಟ್ಟಿಗೆ ಹಾಕಿದಾಗಲೂ ಹಾಗೇ ಆದರೆ ಮೊದಲನೆಯ ಕಾರಣವನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹೊತ್ತು ತಪ್ಪಿ ಹೊತ್ತಿಕೊಳ್ಳುತ್ತದೆ

ಸುತ್ತಲೂ ಪಿನ್ನುಗಳಿರುವ ಯಾಂತ್ರಿಕ ಟೈಮರ್ ಕರೆಂಟ್ ಹೋದಷ್ಟು ಹೊತ್ತೂ ನಿಂತಿರುತ್ತದೆ. ವಾರದಲ್ಲಿ ನಾಲ್ಕು ಗಂಟೆ ಕರೆಂಟ್ ಹೋಗಿದ್ದರೆ ಟೈಮರ್ ನಾಲ್ಕು ಗಂಟೆ ಹಿಂದೆ ಬಿದ್ದಿರುತ್ತದೆ, ನಡುರಾತ್ರಿ ದೀಪ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಹಾಕಿಕೊಳ್ಳಿ.

ದೀಪ ಸರಿಯಿದೆ, ಸಸಿ ಸರಿಯಿಲ್ಲ

ಸಸಿ ತೆಳ್ಳಗೆ ಉದ್ದವಾಗಿ ಎದ್ದು ವಾಲಿದರೆ ಬೆಳಕು ಸಾಲದಾಗಿದೆ. ಮೊದಲು ದೀಪದ ಮುಖವನ್ನು ಒರೆಸಿ. ಮೇಲೆ ಹೇಳಿದ ಬಿಳಿ ಪೊರೆ ಎಲ್‌ಇಡಿಗಳ ಮೇಲೂ ಕೂತು ಬೆಳಕನ್ನು ತಡೆಯುತ್ತದೆ. ಪ್ಲಗ್ ಕಿತ್ತಿರುವಾಗ, ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ನಂತರ ದೀಪವನ್ನು ಕೆಳಗಿಳಿಸಿ. ಸ್ಟ್ರಿಪ್ ದೀಪಗಳು ಎಲೆಯಿಂದ 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿದ್ದರೂ ಸುಡುವುದಿಲ್ಲ. ಬಿಳಿ ದೀಪವಾದರೆ ಮೊಬೈಲಿನ ಲಕ್ಸ್ ಅಳತೆ ಅಂದಾಜಿಗೆ ಸಾಕಾಗುತ್ತದೆ: ಎಲೆಯ ಮಟ್ಟದಲ್ಲಿ 10,000 ಲಕ್ಸ್ ಆಸುಪಾಸು ಇದ್ದರೆ ಎಳೆ ಸಸಿಗಳಿಗೆ ಒಳ್ಳೆಯದು. ನೇರಳೆ ದೀಪಕ್ಕೆ ಆ ಅಳತೆ ನಡೆಯದು, ಏಕೆಂದರೆ ಲಕ್ಸ್ ನಮ್ಮ ಕಣ್ಣಿನ ಲೆಕ್ಕ, ಎಲೆಯ ಲೆಕ್ಕವಲ್ಲ. ಆಮೇಲೆ ಸಮಯ. ಬೆಂಗಳೂರಿನ ಅತಿ ದೀರ್ಘ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ದೀಪದ ಬೆಳಕು ಬಿಸಿಲಿಗಿಂತ ಬಹಳ ಮಂಕಾಗಿರುವುದರಿಂದ 14ರಿಂದ 16 ಗಂಟೆ ಉರಿಸಬೇಕಾಗುತ್ತದೆ, ಉಳಿದ ಹೊತ್ತು ಕತ್ತಲೆ ಇರಲಿ.

ಇದಕ್ಕೆ ವಿರುದ್ಧವಾಗಿ, ದೀಪದ ಕೆಳಗೇ ಇರುವ ತುದಿ ಎಲೆಗಳು ಬೆಳ್ಳಗಾಗಿ ಮೇಲ್ಮುಖವಾಗಿ ಮುದುಡಿದರೆ, ಅಂಚಿನ ಟ್ರೇಯ ಸಸಿಗಳು ಮಾತ್ರ ಹಸಿರಾಗಿದ್ದರೆ, ದೀಪ ಅತಿ ಹತ್ತಿರವಾಗಿದೆ. ಎಲೆಯ ಮಟ್ಟದಲ್ಲಿ ಕೈ ಹಿಡಿದು ಬಿಸಿ ತಿಳಿಯುತ್ತದೆಯೇ ನೋಡಿ, ತಿಳಿದರೆ ಒಂದು ಗೇಣು ಮೇಲೆತ್ತಿ. ಕೆಳಗಿನ ಹಳೆಯ ಎಲೆಗಳು ಹಳದಿಯಾಗುವುದಕ್ಕೂ ದೀಪಕ್ಕೂ ಹೆಚ್ಚಾಗಿ ಸಂಬಂಧವಿಲ್ಲ, ಅದು ನೀರಿನದೋ ಗೊಬ್ಬರದ್ದೋ ಪ್ರಶ್ನೆ.

ಸರಿಪಡಿಸಿದ ಮೇಲೆ ಹಳೆಯ ಎಲೆ, ಹಳೆಯ ಕಾಂಡ ನೋಡಿ ನಿರ್ಧರಿಸಬೇಡಿ. ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ, ಬೆಳ್ಳಗಾದ ಎಲೆ ಮತ್ತೆ ಹಸಿರಾಗುವುದು ಕಡಿಮೆ. ಒಂದು ವಾರದ ನಂತರ ಹೊಸದಾಗಿ ಬಂದ ಎರಡೆಲೆಗಳ ನಡುವಿನ ಅಂತರವನ್ನು ಹಳೆಯದರೊಂದಿಗೆ ಹೋಲಿಸಿ ನೋಡಿ. ಅಂತರ ಕಡಿಮೆಯಾಗಿದ್ದರೆ ಬೆಳಕು ಸಾಕಾಗುತ್ತಿದೆ. ಉದ್ದವಾಗಿ ಹೋದ ಟೊಮೆಟೊ ಸಸಿಗಳನ್ನು ಬಿಸಾಡಬೇಕಿಲ್ಲ. ಕುಂಡಕ್ಕೆ ದಾಟಿಸುವಾಗ ಬೀಜದೆಲೆಗಳವರೆಗೂ ಮಣ್ಣಿನಲ್ಲಿ ಹೂತರೆ ಆ ಕಾಂಡವೇ ಬೇರು ಬಿಡುತ್ತದೆ.